ಬಾಕಿ ಇಲ್ಲದ ಮನೆ

ನಮ್ಮ ಮನೆಗೆ ಯಾರದೂ ಒಂದು ಪೈಸೆ ಸಾಲವಿಲ್ಲ ಎಂದು ಇಡೀ ನಿಪ್ಪಾಣಿಯಲ್ಲಿ ನಂಬಿಕೊಂಡಿದ್ದವರು ಇಬ್ಬರೇ. ಒಬ್ಬರು ನಮ್ಮ ಮನೆಯವರು, ಇನ್ನೊಬ್ಬರು ಭಾರತ ಸರಕಾರದವರು. ಉಳಿದ ಊರಿಗೆಲ್ಲ ನಿಜ ಗೊತ್ತಿತ್ತು. ಬಸದಿಯ ಹಿಂದಿನ ಕಿರಾಣಿ ಅಂಗಡಿಯ ಪದ್ಮಣ್ಣ ಶೇಟರಿಗೆ ಗೊತ್ತಿತ್ತು, ಮನೆಮನೆಗೆ ಬಂದು ಬಳೆ ಇಡಿಸುವ ಸಕೀನಾಬಿಗೆ ಗೊತ್ತಿತ್ತು, ಹಾಲು ಹಾಕುವ ಗಂಗವ್ವನಿಗೆ ಗೊತ್ತಿತ್ತು. ಗಂಗವ್ವನ ಎಮ್ಮೆಗೂ ಗೊತ್ತಿತ್ತೇನೋ, ನನ್ನನ್ನು ಕಂಡರೆ ಅದು ಮುಖ ತಿರುಗಿಸುತ್ತಿತ್ತು. ಹಾಗಂತ ನಾನು ಗಂಡನಿಗೆ ಸುಳ್ಳು ಹೇಳಿದವಳಲ್ಲ. ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ತಿಂಗಳ ಮೊದಲಿಗೆ ಪಗಾರ ತಂದು ದೇವರ ಮುಂದಿಟ್ಟು, ಕೈಮುಗಿದು, "ಇನ್ನ ನೀ ಅದಿ, ನಿನ್ನ ಮನಿ ಐತಿ" ಎಂದು ಡ್ಯೂಟಿಗೆ ಹೊರಡುವ ಗಂಡಸಿಗೆ, ಆ ಪಗಾರ ತಿಂಗಳ ಕೊನೆಗೆ ಎಲ್ಲಿರುತ್ತದೆ ಎಂಬ ಕುತೂಹಲ ಇರುವುದಿಲ್ಲ. ಎಷ್ಟೋ ಸಂಸಾರಗಳು ಈ ಕುತೂಹಲ ಇಲ್ಲದ್ದರಿಂದಲೇ ಸುಖವಾಗಿ ನಡೆದಿವೆ. ನಮ್ಮದೂ ನಡೆದಿತ್ತು, ಎಂಬತ್ತರ ದಶಕದ ನಡುವೆ ಒಂದು ದಿನ ಸರಕಾರಕ್ಕೆ ಆ ಕುತೂಹಲ ಹುಟ್ಟುವವರೆಗೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನನ್ನು ದುಂದುಗಾರ್ತಿ ಎಂದುಕೊಂಡೀರಿ. ನಮ್ಮ ಕಡೆ ಅಂಗಡಿಯ ಉದ್ರಿಯನ್ನು ಪೂರ್ತಿ ತೀರಿಸುವ ರೂಢಿ ಇಲ್ಲ. ನಾನು ಸೊಸೆಯಾಗಿ ತೆಲಸಂಗಕ್ಕೆ ಬಂದ ಹೊಸತರಲ್ಲಿ ದೀಪಾವಳಿಯ ಪಾಡ್ಯಕ್ಕೆ ನಮ್ಮ ಅತ್ತೆ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದರು. ವರ್ಷದ ಲೆಕ್ಕವನ್ನೆಲ್ಲ ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟು, ಕೊನೆಗೆ ಕೊಡಬೇಕಾಗಿದ್ದ ಎರಡು ರೂಪಾಯಿಯನ್ನು ಮತ್ತೆ ಗಂಟು ಹಾಕಿಕೊಂಡರು. ಪಾಪ, ಮುದುಕಿಗೆ ಲೆಕ್ಕ ತಪ್ಪಿತೆಂದು ನಾನು ಮೆಲ್ಲಗೆ ನೆನಪಿಸಿದೆ. ಅಂಗಡಿಯವನು ನನ್ನನ್ನು ನೋಡಿ ನಕ್ಕ. ಅತ್ತೆ ದಾರಿಯಲ್ಲಿ ಹೇಳಿದರು: "ಪೂರಾ ಮುಟ್ಟಸಬಾರದವಾ. ಪೂರಾ ಮುಟ್ಟಿಸಿದ್ರ ಇನ್ನ ನಿನ್ನ ಕಟ್ಟಿ ಹತ್ತೂದಿಲ್ಲ ಅಂದಂಗ. ಊರ ಬಿಡಾವ್ರು ಮುಟ್ಟಸ್ತಾರ, ಜಗಳಾ ಆಡಿದಾವ್ರು ಮುಟ್ಟಸ್ತಾರ. ನಮಗೇನ ಆಗೇತಿ?" ಅಂದಿನಿಂದ ನಾನೂ ಎಲ್ಲಿ ಹೋದರೂ ಒಂದಿಷ್ಟು ಬಾಕಿ ಉಳಿಸಿಯೇ ಬರುತ್ತಿದ್ದೆ. ನಿಪ್ಪಾಣಿಗೆ ಬಂದ ಮೇಲೆ, ಎರಡು ಮಕ್ಕಳಾದ ಮೇಲೆ, ಆ ಒಂದಿಷ್ಟು ಎಂಬುದು ಸ್ವಲ್ಪ ಮೈ ತುಂಬಿಕೊಂಡಿತು ಎಂಬುದನ್ನು ಒಪ್ಪುತ್ತೇನೆ. ಎಲ್ಲ ಕಡೆಯದೂ ಕೂಡಿಸಿದರೆ ಹೆಚ್ಚುಕಡಿಮೆ ಒಂದು ತಿಂಗಳ ಪಗಾರ ಆಗುತ್ತಿತ್ತು. ಆದರೆ ಕೂಡಿಸುವ ಕೆಟ್ಟ ಬುದ್ಧಿ ನನಗೆ ಯಾವತ್ತೂ ಬಂದಿರಲಿಲ್ಲ.

ನಮ್ಮ ಮನೆಯವರು ತಂತಿ ಕಚೇರಿಯಲ್ಲಿದ್ದರು. ಊರವರು ಅವರನ್ನು ತಾರಮಾಸ್ತರ ಎನ್ನುತ್ತಿದ್ದರು. ಕಟ್ಟಕಡ ಕಟ್ಟಕಡ ಎಂದು ಬರುವ ಸಪ್ಪಳವನ್ನು ಕೇಳಿ ಅಕ್ಷರ ಮಾಡಿ ಬರೆಯುವುದು, ಬರೆದದ್ದನ್ನು ಹಂಚುವವನ ಕೈಗೆ ಕೊಡುವುದು, ಇದು ಅವರ ಕೆಲಸ. ಆ ಸಪ್ಪಳ ಅವರ ಬೆರಳಿಗೆ ಹತ್ತಿಕೊಂಡು ಮನೆಗೂ ಬರುತ್ತಿತ್ತು. ಊಟಕ್ಕೆ ಕೂತರೆ ತಾಟಿನ ಅಂಚಿಗೆ ಕುಟ್ಟುತ್ತಿದ್ದರು, ಮಲಗಿದರೆ ಗೋಡೆಗೆ ಕುಟ್ಟುತ್ತಿದ್ದರು. ಬೇರೆ ಹೆಂಗಸರ ಗಂಡಂದಿರು ನಿದ್ದೆಯಲ್ಲಿ ಬಡಬಡಿಸಿ ಮನದ ಮಾತು ಹೊರಗೆ ಹಾಕುತ್ತಾರಂತೆ. ನನ್ನ ಗಂಡ ನಿದ್ದೆಯಲ್ಲೂ ತಂತಿ ಹೊಡೆಯುವ ಮನುಷ್ಯ, ಕಿವಿಗೊಟ್ಟು ಏನು ಪ್ರಯೋಜನ?

ನಿಪ್ಪಾಣಿ ತಂಬಾಕಿನ ಪೇಟೆ. ದರ ಏರಿತು, ಇಳಿಯಿತು, ಮಾಲು ಕಳಿಸು, ತಡೆ ಎಂದು ವ್ಯಾಪಾರಿಗಳ ತಂತಿಗಳು ದಿನವಿಡೀ ಬರುತ್ತಿದ್ದವು. ಒಬ್ಬನಿಗೆ ಬಂದ ದರ ಇನ್ನೊಬ್ಬನಿಗೆ ಒಂದು ತಾಸು ಮೊದಲು ಗೊತ್ತಾದರೆ ಅವನ ಮನೆ ಮೇಲೆ ಇನ್ನೊಂದು ಮಾಳಿಗೆ ಏಳುತ್ತಿತ್ತು. ಹಾಗಾಗಿ ಒಂದು ಬೇಸಿಗೆಯಲ್ಲಿ ಯಾರೋ ಒಬ್ಬ ವ್ಯಾಪಾರಿ ನಮ್ಮ ಮನೆಗೆ ತಾಸಗಾವ ಕಡೆಯ ದ್ರಾಕ್ಷಿಯ ಬುಟ್ಟಿ ಕಳಿಸಿದ. ಇವರು ಡ್ಯೂಟಿಯಿಂದ ಬರುವಷ್ಟರಲ್ಲಿ ನಾನೂ ಮಕ್ಕಳೂ ಮೇಲಿನ ಗೊಂಚಲು ಮುಗಿಸಿದ್ದೆವು. ಬುಟ್ಟಿ ನೋಡಿ ಇವರ ಮುಖ ಸಣ್ಣದಾಯಿತು. ಬೈಯಲಿಲ್ಲ. ಅಂಗಿ ಸಹ ಬಿಚ್ಚದೆ ಪೇಟೆಗೆ ಹೋಗಿ, ಅಂಥದೇ ಒಂದು ಗೊಂಚಲು ಕೊಂಡು ತಂದು, ಬುಟ್ಟಿಯಲ್ಲಿಟ್ಟು, ತಾವೇ ಹೊತ್ತುಕೊಂಡು ಹೋಗಿ ವ್ಯಾಪಾರಿಯ ಕಟ್ಟೆ ಮೇಲೆ ಇಳಿಸಿ ಬಂದರು. ಆ ರಾತ್ರಿ ಮಕ್ಕಳು ಹೊಟ್ಟೆ ನೋವೆಂದು ಅತ್ತವು. ನಾನೂ ಅಳುವುದರಲ್ಲಿದ್ದೆ, ಬುಟ್ಟಿಗಾಗಿ.

ಇಂಥ ಮನುಷ್ಯನ ಮೇಲೆ ಮೇಲಿನವರ ಕಣ್ಣು ಬಿದ್ದದ್ದು ಆಶ್ಚರ್ಯವಲ್ಲ. ಬೆಳಗಾವಿಯಲ್ಲಿ ಗುಪ್ತ ತಂತಿಯ ಕೆಲಸಕ್ಕೆ ಒಬ್ಬರು ಬೇಕಾಗಿದ್ದರು. ಸೈನ್ಯದ್ದು, ಪೊಲೀಸರದ್ದು, ಓದಿದರೆ ಯಾರಿಗೂ ಅರ್ಥವಾಗದ ಅಂಕಿಗಳ ತಂತಿಗಳು. ಪಗಾರದಲ್ಲಿ ದೊಡ್ಡ ಫರಕೇನೂ ಇರಲಿಲ್ಲ. ಆದರೆ ಇವರ ಹೆಸರು ಹೋದದ್ದೇ ತಡ, ನನ್ನ ಗಂಡ ಬೇರೆಯೇ ಮನುಷ್ಯರಾದರು. ಅದಕ್ಕೆ ಕಾರಣ ನನಗೆ ಮಾತ್ರ ಗೊತ್ತಿತ್ತು. ತೆಲಸಂಗದ ಮನೆಯಲ್ಲಿ ಇವರು ಎಲ್ಲರಿಗಿಂತ ಕಿರಿಯರು. ಹುಡುಗನಿದ್ದಾಗ ಒಮ್ಮೆ ಜೋಳದ ಬೀಜಕ್ಕೆಂದು ರೊಕ್ಕ ಕೊಟ್ಟು ಅಥಣಿ ಸಂತೆಗೆ ಕಳಿಸಿದ್ದರಂತೆ. ಬಸ್ ಸ್ಟ್ಯಾಂಡಿನಲ್ಲಿ ಮಗುವನ್ನು ಎತ್ತಿಕೊಂಡು ಅಳುತ್ತಿದ್ದ ಒಬ್ಬಾಕೆಗೆ ಎಲ್ಲ ಕೊಟ್ಟು ನಡೆದು ಬಂದರಂತೆ. ಅಂದಿನಿಂದ ಅಣ್ಣಂದಿರು ಇವರ ಕೈಗೆ ಎತ್ತಿನ ಹಗ್ಗ ಸಹ ಕೊಡಲಿಲ್ಲ. ಹೊಲದ ಮಾತು ಬಂದರೆ, "ಅವಗೇನ ತಿಳಿತೈತಿ, ಬಿಡ್ರಿ" ಎಂದು ಇವರ ಎದುರಿಗೇ ಅನ್ನುತ್ತಿದ್ದರು. ಈಗ ನೋಡಿದರೆ ಸರಕಾರ ದೇಶದ ಗುಟ್ಟನ್ನೇ ಇವರ ಕೈಗೆ ಕೊಡಲು ಹೊರಟಿದೆ. "ನನ್ನ ಮ್ಯಾಲ ಭರೋಸಾ ಇಡಾಕತ್ತಾರ ನೋಡ" ಎಂದು ಒಂದೇ ಸಲ ಹೇಳಿದರು, ಬೆನ್ನು ತಿರುಗಿಸಿಕೊಂಡು. ಅವರ ಕಿವಿ ಕೆಂಪಾಗಿತ್ತು. ಈ ಕೆಲಸ ಇವರಿಗೆ ಸಿಗದಿದ್ದರೆ ನಾನು ತಡೆದುಕೊಳ್ಳಲಾರೆ ಎಂದು ನನಗೆ ಆಗಲೇ ಅನಿಸಿತು.

ಆದರೆ ಕೆಲಸ ಕೊಡುವ ಮುಂಚೆ ಸರಕಾರ ಮನುಷ್ಯನ ಒಳಗೂ ಹೊರಗೂ ನೋಡುತ್ತದಂತೆ. ತುಂಬಿ ಕೊಡಲು ಕಾಗದ ಬಂತು. ಸಂಜೆ ಚಹಾ ಕುಡಿಯುತ್ತ ಇವರು ಒಂದೊಂದೇ ಪ್ರಶ್ನೆ ಓದಿ, ಉತ್ತರ ಬರೆದು, ನನಗೆ ಕೇಳಿಸುತ್ತಿದ್ದರು. ಜೈಲಿಗೆ ಹೋಗಿದ್ದೀರಾ? ಇಲ್ಲ. ಪರದೇಶದಲ್ಲಿ ನೆಂಟರಿದ್ದಾರಾ? ಇಲ್ಲ. (ರಾಜ್ಯದ ಗಡಿಯಾಚೆ ಇಚಲಕರಂಜಿಯಲ್ಲಿರುವ ನನ್ನ ಚಿಕ್ಕಪ್ಪ ಲೆಕ್ಕಕ್ಕೆ ಬರುತ್ತಾರೋ ಎಂದು ಕೇಳಿದೆ, ಬರುವುದಿಲ್ಲವಂತೆ.) ಸಾಲ ಇದೆಯೇ? ಈ ಪ್ರಶ್ನೆಗೆ ಇವರು ಚಹಾದ ಬಸಿ ಕೆಳಗಿಟ್ಟು, ನೆಟ್ಟಗೆ ಕೂತು, ದೊಡ್ಡ ಅಕ್ಷರದಲ್ಲಿ 'ಇಲ್ಲ' ಎಂದು ಬರೆದರು. "ಸಾಲಾ ಇದ್ದ ಮನಷಾನ್ನ ವೈರಿ ರೊಕ್ಕಾ ತೋರಿಸಿ ಒಲಿಸಿಕೋತಾನ. ಅದಕ್ಕ ಕೇಳ್ತಾರ ಇದನ್ನ" ಎಂದು ನನಗೆ ತಿಳಿಸಿ ಹೇಳಿದರು. ನನಗೆ ಕೆಮ್ಮು ಬಂತು.

"ಸಾಲಾ ಇಲ್ರಿ," ಎಂದೆ. "ಬಾಕಿ ಐತಿ."

"ಬಾಕಿ? ಎಲ್ಲಿ ಬಾಕಿ?"

"ಪದ್ಮಣ್ಣ ಶೇಟರ ಅಂಗಡ್ಯಾಗ ಒಂದೀಟ. ಸಕೀನಾ ಆಪಾಂದು ಒಂದೀಟ. ಗಂಗವ್ವಂದು..." ಎಂದು ಬೆರಳು ಮಡಿಚುತ್ತ ಹೋದೆ. ಮಡಿಚಲು ಇನ್ನೊಂದು ಕೈ ತೆಗೆದಾಗ ಇವರು ಗೋಡೆಗೆ ಒರಗಿದರು. ಬಸಿಯ ಅಂಚಿನ ಮೇಲೆ ಬೆರಳು ಏನನ್ನೋ ಕುಟ್ಟುತ್ತಿತ್ತು, ಅದು ಒಳ್ಳೆಯ ಮಾತಿರಲಾರದು.

ಆಮೇಲೆ ಹೇಳಿದರು: "ವಿಚಾರಣಿಗೆ ಸಾಹೇಬ್ರು ಬರ್ತಾರ. ಅಂಗಡಿ ಅಂಗಡಿ ಕೇಳ್ತಾರ. ಅಷ್ಟರಾಗ ಒಂದ ಪೈಸಾ ಉಳೀಬಾರದು. ಮತ್ತ ಯಾಕ ಮುಟ್ಟಸಾಕತ್ತೀವಿ ಅಂತ ಯಾರಿಗೂ ಹೇಳೂದಿಲ್ಲ. ಇದು ಗುಟ್ಟಿನ ಕೆಲಸ." ವೈರಿ ದೇಶದ ಮನುಷ್ಯ ನಮ್ಮನ್ನು ಹುಡುಕಿಕೊಂಡು ನಿಪ್ಪಾಣಿಯವರೆಗೆ ಬಂದು, ನನ್ನ ಬಳೆಯ ಬಾಕಿ ಕೊಟ್ಟು ದೇಶ ಕೊಂಡುಕೊಳ್ಳುತ್ತಾನೆಂದು ನನಗೇನೂ ಅನಿಸಲಿಲ್ಲ. ಆದರೆ ಅವರ ಮುಖ ನೋಡಿ ಹೂಂ ಎಂದೆ.

ರೊಕ್ಕಕ್ಕೆ ಇದ್ದ ದಾರಿ ಒಂದೇ, ಭಿಶಿ. ನಮ್ಮ ಓಣಿಯ ಹೆಂಗಸರೆಲ್ಲ ತಿಂಗಳಿಗೆ ಇಷ್ಟೆಂದು ಸಕೀನಾಬಿಯ ಹತ್ತಿರ ಕೂಡಿಸುತ್ತಿದ್ದೆವು. ಚೀಟಿ ಎತ್ತಿ, ಹೆಸರು ಬಂದವಳಿಗೆ ಆ ತಿಂಗಳ ಪೂರ್ತಿ ರೊಕ್ಕ. ಸರದಿ ಬಿಟ್ಟು ಬೇಕೆಂದರೆ ಎಲ್ಲರೂ ಒಪ್ಪಬೇಕು, ಒಪ್ಪಬೇಕಾದರೆ ಕಾರಣ ಹೇಳಬೇಕು. ನಾನು ಹೋಗಿ, "ಈ ಸಲ ನನಗ ಬೇಕು" ಎಂದೆ.

"ಯಾಕ ತಂಗಿ?" ಎಂದರು ಸಕೀನಾಬಿ.

"ಹೇಳಾಕ ಬರೂದಿಲ್ಲ ಆಪಾ."

ಇಪ್ಪತ್ತು ಕಣ್ಣು ಒಂದೇ ಸಲಕ್ಕೆ ನನ್ನ ಹೊಟ್ಟೆಯ ಕಡೆ ಹೋದವು. ಯಾರೂ ಇನ್ನೊಂದು ಮಾತು ಕೇಳಲಿಲ್ಲ. ರೊಕ್ಕ ನನ್ನ ಉಡಿಗೆ ಬಿತ್ತು. ಮಾರನೆಯ ದಿನ ಒಬ್ಬರ ಮನೆಯಿಂದ ಹುಣಸೆ ತೊಕ್ಕು, ಇನ್ನೊಬ್ಬರ ಮನೆಯಿಂದ ಎಳೆ ಮಾವಿನಕಾಯಿ ಬಂದವು. ಸಕೀನಾಬಿ ದಾರಿಯಲ್ಲಿ ನಿಲ್ಲಿಸಿ, "ಹಸರ ಬಳಿ ಛಲೋ ಬಂದಾವ, ತಗದಿಟ್ಟೇನಿ" ಎಂದು ಕಣ್ಣು ಹೊಡೆದರು. ಅಲ್ಲ ಎನ್ನಬೇಕಾದರೆ ನಿಜ ಏನೆಂದು ಹೇಳಬೇಕು. ಸುಮ್ಮನಿದ್ದು ದೇಶದ ಗುಟ್ಟು ಕಾಪಾಡಿದೆ. ಮಾವಿನಕಾಯಿ ಚೆನ್ನಾಗಿದ್ದವು.

ರೊಕ್ಕ ಕೊಡುವುದು ತರುವುದಕ್ಕಿಂತ ಕಷ್ಟ ಎಂದು ತಿಳಿದದ್ದು ಪದ್ಮಣ್ಣ ಶೇಟರ ಕಟ್ಟೆ ಹತ್ತಿದ ಮೇಲೆ. ಹೊತ್ತು ಮುಳುಗುವ ಮುಂಚೆ ಊಟ ಮಾಡುವ ಮನುಷ್ಯ, ಅಂಗಡಿ ಮುಚ್ಚುವ ಗಡಿಬಿಡಿಯಲ್ಲಿದ್ದರು. ನಾನು ನೋಟು ಮುಂದಿಟ್ಟಾಗ ಖುಷಿಯಿಂದಲೇ ಎಣಿಸಿ, ರೂಢಿಯಂತೆ ಎರಡು ರೂಪಾಯಿ ತಿರುಗಿ ನನ್ನ ಕಡೆ ಸರಿಸಿದರು. ನಾನು ಮತ್ತೆ ಅವರ ಕಡೆ ಸರಿಸಿದೆ.

"ಇದೂ ತಗೋರಿ. ಪೂರಾ ಮುಟ್ಟಲಿ."

ಅವರ ಕೈ ಅಲ್ಲೇ ನಿಂತಿತು. "ವೈನಿ, ನಮ್ಮಿಂದ ಏನ ತಪ್ಪಾತ್ರಿ?"

"ಏನೂ ಇಲ್ರಿ ಅಣ್ಣಾ."

"ಬ್ಯಾಳ್ಯಾಗ ಕಲ್ಲ ಹಳ್ಳ ಬಂದಿದ್ವೇನ? ತೂಕದಾಗ ಏನರ...?"

"ಛೇ ಛೇ, ಅಂಥಾದ್ದೇನೂ ಇಲ್ರಿ."

"ಹಂಗಾರ ವರ್ಗ ಆತೇನ್ರಿ ಮಾಸ್ತರಗ?"

ತಲೆ ಅಲ್ಲಾಡಿಸಿದೆ. ಆ ಮನುಷ್ಯ ಎರಡು ರೂಪಾಯಿಯನ್ನು ಗಲ್ಲೆಗೆ ಹಾಕದೆ, ಹೊರಗೆ ತಕ್ಕಡಿಯ ಮೇಲೆ ಇಟ್ಟರು. ನಾನು ಹೊರಟಾಗ ಯಾವತ್ತಿನಂತೆ ಮಕ್ಕಳಿಗೆಂದು ಒಂದು ತುಣುಕು ಬೆಲ್ಲ ಕಾಗದದಲ್ಲಿ ಸುತ್ತಿ ಕೊಟ್ಟು, "ಇದಕ್ಕೂ ರೊಕ್ಕಾ ಕೊಡ್ತೀರೇನ್ರಿ?" ಎಂದರು. ಕೊಂಕಿಗೆ ಅಂದದ್ದಲ್ಲ, ನಿಜವಾಗಿ ಕೇಳಿದರು. ಸಕೀನಾಬಿಯಂತೂ ರೊಕ್ಕ ಮುಟ್ಟಲೇ ಇಲ್ಲ. "ಜೀವದ ಮ್ಯಾಲ ಆಶಾ ಬಿಟ್ಟಾವ್ರು ಹಿಂಗ ತೀರಸ್ತಾರ. ಬಸರಿ ಹೆಂಗಸ, ಏನ ಮಾತಿದು? ಯಾ ಅಲ್ಲಾ!" ಎಂದು ತಾವೇ ಕಣ್ಣೊರೆಸಿಕೊಂಡರು. ಅವರ ಬಳೆಯ ಮಲಾರದ ಮೇಲೆ ಇಟ್ಟು ಓಡಿ ಬಂದೆ.

ಹೀಗೆ ಮದುವೆಯಾದ ಮೇಲೆ ಮೊದಲ ಸಲ ನಾನು ಬಾಕಿ ಇಲ್ಲದ ಮನೆಯ ಯಜಮಾನಿಯಾದೆ. ಎಷ್ಟು ಹಗುರವಾಗಿರುತ್ತದೆ ಅಂದುಕೊಂಡಿದ್ದೆ. ಗಂಗವ್ವ ಹಾಲಿನ ಮೇಲೆ ಹಾಕುತ್ತಿದ್ದ ಕೊಸರು ನಿಲ್ಲಿಸಿದಳು, ಅಳತೆಗೆ ಸರಿಯಾಗಿ ಹಾಕಿ ಮಾತಿಲ್ಲದೆ ಹೋಗುತ್ತಿದ್ದಳು. ಪದ್ಮಣ್ಣ ಶೇಟರ ಅಂಗಡಿಗೆ ಹೋದರೆ, "ಏನ ಬೇಕ್ರಿ?" ಎಂದು ಕೇಳುತ್ತಿದ್ದರು. ಮೊದಲು ಹಾಗೆ ಕೇಳಿದವರೇ ಅಲ್ಲ, ಯಾರ ಮನೆಯಲ್ಲಿ ಏನಾಯಿತು ಎಂದು ಹೇಳುತ್ತ ಹೇಳುತ್ತಲೇ ನನಗೆ ಬೇಕಾದದ್ದನ್ನು ಕಟ್ಟಿಡುತ್ತಿದ್ದರು. ಈಗ ಸಾಮಾನು ಸಿಗುತ್ತಿತ್ತು, ಸುದ್ದಿ ಸಿಗುತ್ತಿರಲಿಲ್ಲ. ರೊಕ್ಕ ಕೊಟ್ಟು ತರುವ ತೊಗರಿಬೇಳೆ ಬೇಗ ಬೇಯುವುದೂ ಇಲ್ಲ ಎಂದು ನನಗೆ ಆ ದಿನಗಳಲ್ಲಿ ಗಟ್ಟಿಯಾಗಿ ಅನಿಸಿತ್ತು.

ಸಾಹೇಬರು ಬಂದದ್ದು ಒಂದು ಮಧ್ಯಾಹ್ನ, ಇವರು ಡ್ಯೂಟಿಯ ಮೇಲಿದ್ದಾಗ. ಮೈಸೂರು ಕಡೆಯವರು, ವಯಸ್ಸಾದವರು, ಕೈಯಲ್ಲೊಂದು ಕರಿ ಚೀಲ. ನಮ್ಮ ಖಾನಾವಳಿಯ ಊಟ ಅವರ ಹೊಟ್ಟೆಗೆ ಏನೇನು ಮಾಡಿತ್ತೆಂದು ಮುಖವೇ ಹೇಳುತ್ತಿತ್ತು. ಮಜ್ಜಿಗೆ ಕೊಟ್ಟೆ. ಅರ್ಧ ಕುಡಿದು, ಚೀಲದಿಂದ ಪೆನ್ನು ತೆಗೆದು, ಮೆತ್ತಗೆ ಕೇಳಿದರು.

"ನೋಡಿಯಮ್ಮ, ನಾನು ಪೇಟೆಯಲ್ಲಿ ವಿಚಾರಿಸಿಕೊಂಡು ಬಂದೆ. ಸಾಲ ಏನೂ ಇಲ್ಲ ಅಂತಾರೆ."

"ಹೌದ್ರಿ ಸಾಹೇಬ್ರ," ಎಂದೆ ಹೆಮ್ಮೆಯಿಂದ.

"ಆದರೆ ಮೊನ್ನೆ ಮೊನ್ನೆವರೆಗೆ ಇತ್ತಂತೆ. ಎಲ್ಲಾ ಅಂಗಡಿಯದನ್ನೂ ಒಂದೇ ದಿವಸ ತೀರಿಸಿದರಂತೆ. ಹೇಳುವಾಗ ಆ ಕಿರಾಣಿಯವರು ಅಳುವ ಹಾಗಿದ್ದರು. ಇಷ್ಟು ಹಣ ಇದ್ದಕ್ಕಿದ್ದ ಹಾಗೆ ಎಲ್ಲಿಂದ ಬಂತಮ್ಮ?"

ಸಾಲವಿದ್ದರೆ ವೈರಿ ಕೊಂಡುಕೊಂಡಾನು ಎಂಬ ಅನುಮಾನ. ಸಾಲ ತೀರಿಸಿದರೆ ಆಗಲೇ ಕೊಂಡುಕೊಂಡ ಎಂಬ ಅನುಮಾನ. ಗಂಡನ ಹೆಸರು ಕಾಪಾಡಲು ಹೋಗಿ ನಾನೇ ಅವರನ್ನು ಪರದೇಶಕ್ಕೆ ಮಾರಿದಂತಾಯಿತಲ್ಲ ಎಂದು ಹೊಳೆಯಿತು. "ಭಿಶಿ ರೊಕ್ಕಾ ರೀ" ಎಂದೆ. ಪಾಪ, ಅವರ ಕಡೆ ಆ ಮಾತಿಲ್ಲ. ಅದು ಯಾವ ಸಂಸ್ಥೆ, ಎಲ್ಲಿ ಸೇರುತ್ತಾರೆ, ಮುಖಂಡರು ಯಾರು ಎಂದು ಪೆನ್ನು ಹಿಡಿದು ಕೇಳತೊಡಗಿದರು. ಅದೇ ಹೊತ್ತಿಗೆ ಮುಖಂಡರು ಬಾಗಿಲಲ್ಲಿ ಬಂದು ನಿಂತರು. ಕರಿ ಚೀಲ ಹಿಡಿದ ಪರ ಗಂಡಸು ನಮ್ಮ ಮನೆ ಹೊಕ್ಕದ್ದನ್ನು ಸಕೀನಾಬಿ ಓಣಿಯ ತುದಿಯಿಂದ ನೋಡಿ, ತಮಗೆ ತೋಚಿದಂತೆ ಅರ್ಥ ಮಾಡಿಕೊಂಡು ಬಂದಿದ್ದರು.

"ಡಾಕ್ಟರ್ ಸಾಹೇಬ್ರ, ಎಷ್ಟ ತಿಂಗಳಾಗ್ಯಾವ್ರಿ?"

ಸಾಹೇಬರು ಗಾಬರಿಯಾಗಿ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. ನನಗೆ ಇನ್ನು ತಡೆಯಲಾಗಲಿಲ್ಲ. ನಗುತ್ತಲೋ ಅಳುತ್ತಲೋ ಎಲ್ಲವನ್ನೂ ಹೇಳಿಬಿಟ್ಟೆ: ಅತ್ತೆಯ ಎರಡು ರೂಪಾಯಿ, ಭಿಶಿ, ಹುಣಸೆ ತೊಕ್ಕು, ಬೆಲ್ಲ. ಸಕೀನಾಬಿ ಕೇಳುತ್ತ ಕೇಳುತ್ತ ಸಿಟ್ಟಿಗೇರಿದರು, ಮೊದಲು ನನ್ನ ಮೇಲೆ, ಆಮೇಲೆ ಸರಕಾರದ ಮೇಲೆ. "ಉದ್ರಿ ಯಾರಿಗೆ ಕೊಡ್ತಾರ್ರಿ ಸಾಹೇಬ? ಕಂಡಕಂಡಾವ್ರಿಗೆ ಕೊಡ್ತಾರೇನ? ಈ ಊರಾಗ ಒಂದ ಅಂಗಡ್ಯಾಗೂ ಉದ್ರಿ ಹುಟ್ಟದ ಮನಷಾ ನಿಮಗ ಬೇಕಾಗ್ಯಾನೇನ?" ಸಾಹೇಬರು ಮಿಕ್ಕ ಮಜ್ಜಿಗೆ ಕುಡಿದರು.

ಎದ್ದು ಹೊರಡುವಾಗ ಮಾತ್ರ, "ಕೊನೇ ಪ್ರಶ್ನೆಯಮ್ಮ. ಯಜಮಾನರು ಕಚೇರಿ ವಿಷಯ ಮನೆಯಲ್ಲಿ ಹೇಳುತ್ತಾರಾ?" ಎಂದು ಕೇಳಿದರು.

ಇದಕ್ಕೆ ಉತ್ತರವಾಗಿ ನಾನು ಒಂದು ಸಂಗತಿ ಹೇಳಿದೆ. ನನ್ನ ತಂದೆ ಕೊನೆಗೆ ಸೊಲ್ಲಾಪುರದಲ್ಲಿ ಅಣ್ಣನ ಮನೆಯಲ್ಲಿದ್ದರು. ಒಂದು ದಿನ ಬೆಳಗ್ಗೆ ಇವರು ಹೊತ್ತಲ್ಲದ ಹೊತ್ತಿಗೆ ಮನೆ ಕಡೆ ಬರುವುದು ಕಂಡಿತು. ಮುಂದೆ ತಂತಿ ಹಂಚುವವನು, ಅವನ ಹಿಂದೆ ಇವರು, ತಲೆ ಬಗ್ಗಿಸಿಕೊಂಡು. ಹಂಚುವವನು ನನ್ನ ಹೆಸರು ಕೂಗಿ, ಸಹಿ ಹಾಕಿಸಿಕೊಂಡು, ಕಾಗದ ನನ್ನ ಕೈಗೆ ಕೊಡುವವರೆಗೆ ಇವರು ಅಂಗಳದಲ್ಲೇ ನಿಂತಿದ್ದರು. ನಾನು ಓದಿದ ಮೇಲೆಯೇ ಒಳಗೆ ಬಂದು ನನ್ನನ್ನು ಹಿಡಿದುಕೊಂಡರು. ಅಷ್ಟರಲ್ಲಿ ರಜೆ ಬರೆದು ಕೊಟ್ಟಿದ್ದರು, ಸೊಲ್ಲಾಪುರದ ಬಸ್ಸಿನ ಹೊತ್ತು ಕೇಳಿಕೊಂಡಿದ್ದರು, ಮಕ್ಕಳನ್ನು ಎರಡು ದಿನ ನೋಡಿಕೊಳ್ಳಿರೆಂದು ಸಕೀನಾಬಿಗೆ ಹೇಳಿದ್ದರು, ಯಾಕೆಂದು ಹೇಳಿರಲಿಲ್ಲ. ದಿನ ಕಳೆದ ಮೇಲೆ ನಾನು ಸಿಟ್ಟಿನಿಂದ ಕೇಳಿದ್ದೆ, ನನ್ನ ಅಪ್ಪ ಹೋದ ಸುದ್ದಿ, ಗಂಡನಾಗಿ ನೀವೇ ಬಾಯಿಂದ ಹೇಳಬಾರದಿತ್ತೇ ಎಂದು. "ನಿನ್ನ ಹೆಸರಿಗೆ ಬಂದದ್ದು ಅದು," ಎಂದಿದ್ದರು. "ನಿನಗಿಂತ ಮೊದಲ ನಾ ಕೇಳಿದ್ದ ನನಗ ಸಾಕಾಗಿತ್ತು. ನಿನ್ನ ಹಿಂದ ನಿಂದ್ರೂದೊಂದ ನನ್ನ ಕೈಲೆ ಇತ್ತು."

ಹೇಳಿ ಮುಗಿಸಿದೆ. ಸಕೀನಾಬಿ ಸೆರಗು ಬಾಯಿಗಿಟ್ಟುಕೊಂಡಿದ್ದರು. ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ಕಿಸೆಗೆ ಸಿಕ್ಕಿಸಿದರು. ನಾನು ಏನಾದರೂ ಕೇಳಬೇಕೆಂದು ಕೇಳಿಬಿಟ್ಟೆ:

"ಸಾಹೇಬ್ರ, ನಿಮಗೇನೂ ಸಾಲ ಇಲ್ಲೇನ್ರಿ?"

ಅವರು ಚಪ್ಪಲಿ ಮೆಟ್ಟುತ್ತ, ನನ್ನ ಕಡೆ ನೋಡದೆ, "ಇದೆಯಮ್ಮ. ದೊಡ್ಡ ಮಗಳ ಮದುವೆಯದು, ಇನ್ನೂ ತೀರಿಲ್ಲ" ಎಂದರು. ಆಮೇಲೆ ನಕ್ಕು, "ಆ ಕಿರಾಣಿಯವರ ಹತ್ತಿರ ಎರಡು ರೂಪಾಯಿ ಉಳಿಸಿಕೊಂಡರೆ ಯಾರೂ ಅದನ್ನ ಸಾಲ ಅನ್ನಲ್ಲ ಕಣಮ್ಮ" ಎಂದು ಹೇಳಿ ಬಿಸಿಲಿಗಿಳಿದರು.

ಅದನ್ನು ಇವರಿಗೆ ಹೇಳಿದೆ. "ಒಂದ ಪೈಸಾನೂ ಉಳೀಬಾರದು ಅಂದ್ರ ಉಳೀಬಾರದು" ಎಂದರು. ಆಮೇಲೆ ಕಾಯುವ ದಿನಗಳು ಬಂದವು. ಇವರು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಆದರೆ ತಾಟಿನ ಅಂಚು ಕುಟ್ಟುವುದನ್ನು ನಿಲ್ಲಿಸಿದ್ದರು. ಸಪ್ಪಳವಿಲ್ಲದೆ ಉಣ್ಣುವ ಗಂಡನನ್ನು ನೋಡುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಹೆಂಡತಿಯ ಬಾಕಿಯಿಂದಾಗಿ ಕೈತಪ್ಪಿತು ಎಂದು ತೆಲಸಂಗದ ಅಣ್ಣಂದಿರಿಗೆ ತಿಳಿದರೆ ಏನೆನ್ನುತ್ತಾರೆಂಬುದು ನನಗೆ ಬಾಯಿಪಾಠವಾಗಿತ್ತು. ಯಡೂರಿನ ವೀರಭದ್ರನಿಗೆ ಹರಕೆ ಹೊತ್ತೆ. ಹರಕೆಯೂ ಒಂದು ಬಾಕಿಯೇ ತಾನೇ ಎಂದು ಆಮೇಲೆ ಹೊಳೆದು, ಅದನ್ನು ಗಂಡನಿಗೆ ಹೇಳಲಿಲ್ಲ.

ಕೊನೆಗೊಂದು ದಿನ ಬೆಳಗ್ಗೆ ಅಂಗಳ ಸಾರಿಸುತ್ತಿದ್ದೆ. ತಿರುವಿನಲ್ಲಿ ತಂತಿ ಹಂಚುವವನು ಕಂಡ. ಅವನ ಹಿಂದೆ ಇವರು, ತಲೆ ಬಗ್ಗಿಸಿಕೊಂಡು. ನನ್ನ ಕೈಯಿಂದ ಬುಟ್ಟಿ ಬಿತ್ತು. ಯಾರು, ಈ ಸಲ ಯಾರು ಎಂದುಕೊಂಡೆ. ಹಂಚುವವನು ಬಾಗಿಲಿಗೆ ಬಂದು, ಇವರ ಹೆಸರನ್ನೇ ಗಟ್ಟಿಯಾಗಿ ಕೂಗಿದ. ಅವನ ಬೆನ್ನ ಹಿಂದೆಯೇ ನಿಂತಿದ್ದ ಇವರು ಒಂದು ಹೆಜ್ಜೆ ಮುಂದೆ ಬಂದು, "ನಾನ" ಎಂದು ಸಹಿ ಮಾಡಿ, ಕಾಗದ ತೆಗೆದುಕೊಂಡು, ತಾವೇ ಕೈಯಾರೆ ಬರೆದದ್ದನ್ನು ಮೊದಲ ಸಲ ನೋಡುವವರಂತೆ ಓದಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ತರಬೇತಿಗೆ ಹೊರಡಿ ಎಂದಿತ್ತು. ನಾನು ಬಯ್ದೆ, ಜೀವ ಹೋಗಿತ್ತಲ್ಲ ಎಂದು ಕೂಗಿದೆ, ಹಂಚುವವನ ಎದುರಿಗೇ ಅತ್ತುಬಿಟ್ಟೆ. ಇವರು ಪಕ್ಕದಲ್ಲಿ ನಿಂತು ಬಾಗಿಲ ಚೌಕಟ್ಟನ್ನು ಬೆರಳಿನಿಂದ ಕುಟ್ಟುತ್ತಿದ್ದರು. ಎಷ್ಟು ದಿನದ ಮೇಲೆ ಆ ಸಪ್ಪಳ ಕೇಳಿದ್ದೆ.

ಇವರು ಬೆಳಗಾವಿಗೆ ಹೋದರು, ಮಕ್ಕಳ ಶಾಲೆಗಾಗಿ ನಾವು ನಿಪ್ಪಾಣಿಯಲ್ಲೇ ಉಳಿದೆವು. ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಇವರು ಮೊದಲ ಸಲ ಬಸ್ಸು ಹತ್ತಿದ ದಿನವೇ ನಾನು ನೆಟ್ಟಗೆ ಪದ್ಮಣ್ಣ ಶೇಟರ ಅಂಗಡಿಗೆ ಹೋಗಿ, ಶೇಂಗಾ ಕಟ್ಟಿಸಿಕೊಂಡು, ರೊಕ್ಕದಲ್ಲಿ ಎರಡು ರೂಪಾಯಿ ಕಡಿಮೆ ಕೊಟ್ಟೆ. ಶೇಟರು ಎಣಿಸಿದರು, ಇನ್ನೊಮ್ಮೆ ಎಣಿಸಿದರು, ಮುಖ ಅರಳಿತು. "ವೈನಿ, ಕೇಳಿದ್ರೇನ್ರಿ? ಆ ಮೂಲಿ ಮನಿ ರಾವಸಾಹೇಬ..." ಎಂದು ಇಷ್ಟು ದಿನ ಹಿಡಿದಿಟ್ಟ ಸುದ್ದಿಯನ್ನೆಲ್ಲ ಸುರಿದರು. ಮನೆಗೆ ಬರುವಾಗ ಹೊತ್ತು ಮುಳುಗಿತ್ತು, ಅವರ ಊಟವೂ ತಪ್ಪಿತ್ತು.

ಮುಂದೆ ವರ್ಷಕ್ಕೊಮ್ಮೆ ಇವರು, "ಎಲ್ಲೂ ಸಾಲಾ ಇಲ್ಲಲ್ಲ?" ಎಂದು ಕೇಳುತ್ತಿದ್ದರು. "ಸಾಲಾ ಇಲ್ರಿ" ಎನ್ನುತ್ತಿದ್ದೆ. ಇವರು ಗುಪ್ತ ತಂತಿಯ ಒಂದಕ್ಷರವನ್ನೂ ನನಗೆ ಹೇಳಲಿಲ್ಲ, ನಾನು ಶೇಟರ ಎರಡು ರೂಪಾಯಿಯನ್ನು 'ಬಾಕಿ' ಎಂದು ಬಾಯಿಬಿಡಲಿಲ್ಲ. ನಮ್ಮಿಬ್ಬರಲ್ಲಿ ಗುಟ್ಟು ಕಾಯುವುದರಲ್ಲಿ ನಾನೇ ಒಂದು ಕೈ ಮೇಲು, ಸರಕಾರ ಸುಮ್ಮನೆ ಗಂಡಸನ್ನು ಆರಿಸಿಕೊಂಡಿತು ಎಂದು ಒಳಗೊಳಗೇ ಬೀಗುತ್ತ ವರ್ಷಗಳನ್ನು ಕಳೆದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಇವರು ನಿವೃತ್ತರಾದರು. ಹಾರ, ಶಾಲು ಹಿಡಿದುಕೊಂಡು ಮನೆಗೆ ಬಂದ ಸಂಜೆ, ಚಹಾ ಕುಡಿದು, "ಹಂಗ ಪ್ಯಾಟಿಗೆ ಹೋಗಿ ಬರ್ತೀನಿ, ಪದ್ಮಣ್ಣನ ಅಂಗಡ್ಯಾಗ ಏನರ ತರೂದೈತೇನ?" ಎಂದು ಕೇಳಿದರು. ಸಕ್ಕರೆ ಎಂದೆ. ಚಪ್ಪಲಿ ಮೆಟ್ಟಿ ಬಾಗಿಲು ದಾಟಿದವರು ತಿರುಗಿ ನೋಡಿ ಹೇಳಿದರು:

"ಸಕ್ಕರಿ ರೊಕ್ಕಾ ಕೊಡ್ತೀನಿ. ನಿನ್ನ ಎರಡ ರೂಪಾಯಿ ಹಂಗ ಇರಲೇಳ."

ನಾನು ಕೈಯಲ್ಲಿದ್ದ ಬಸಿ ಹಿಡಿದುಕೊಂಡೇ ನಿಂತೆ. "ನಿಮಗ ಯಾವಾಗಿಂದ ಗೊತ್ತೈತ್ರಿ?"

ಬಾಗಿಲ ಚೌಕಟ್ಟನ್ನು ಬೆರಳಿನಿಂದ ಮೆಲ್ಲಗೆ ಕುಟ್ಟಿ, "ಹೇಳಾಕ ಬರೂದಿಲ್ಲ" ಎಂದು ನನ್ನ ಗಂಡ ಪೇಟೆಗೆ ಹೋದರು.